ಕೋನುಗಳ ನಡುವಿನ ದಾರಿ: ಆಟೋಕ್ರಾಸ್ ಕಲಿಯುವವರಿಗೆ

ಆಟೋಕ್ರಾಸ್ ಕಲಿಯಬೇಕೆನ್ನುವವರು ಮೊದಲು ಎತ್ತುವುದು ಕಾರಿನ ಮಾತು. ಸ್ವಿಫ್ಟ್ ಸಾಕಾದೀತೇ, ಟೈರು ಬದಲಿಸಬೇಕೇ, ಸಸ್ಪೆನ್ಷನ್ ತಗ್ಗಿಸಬೇಕೇ, ಬೇರೆ ಏರ್ ಫಿಲ್ಟರ್ ಹಾಕಿಸಿದರೆ ಎಷ್ಟು ಸೆಕೆಂಡ್ ಉಳಿದೀತು. ಸ್ವಿಫ್ಟ್ ಸಾಕು. ಬ್ರೇಕು, ಟೈರು, ಸ್ಟೀರಿಂಗ್ ಸರಿಯಿದ್ದರೆ ಹಳೆಯ ಐ10 ಕೂಡ ಸಾಕು. ಹೊಸಬರ ಸಮಯ ಸೋರುವ ಜಾಗ ಬೇರೆಯೇ ಇದೆ: ಕಾರು ಮುಂದೆ ಎಲ್ಲಿಗೆ ಹೋಗಬೇಕು ಎಂಬುದು ಅವರಿಗೆ ತಡವಾಗಿ ಗೊತ್ತಾಗುತ್ತದೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಹೋಗುತ್ತದೆ. ಕಣ್ಣು ಕಂಡದ್ದು ಕೈಕಾಲಿಗೆ ಮುಟ್ಟಲು ಮುಕ್ಕಾಲು ಸೆಕೆಂಡ್ ಹಿಡಿದರೂ 10 ಮೀಟರ್ ಹೋಗಿಯೇ ಬಿಟ್ಟಿತು. ಆ 10 ಮೀಟರನ್ನು ಯಾವ ಇಂಜಿನ್ನೂ ತಿರುಗಿ ಕೊಡುವುದಿಲ್ಲ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ವಿಶಾಲವಾದ ಮಟ್ಟಸ ಬಯಲಿನಲ್ಲಿ ಕೋನುಗಳನ್ನಿಟ್ಟು ಒಂದು ದಾರಿ ಮಾಡುತ್ತಾರೆ. ಒಂದೊಂದೇ ಕಾರು ಆ ದಾರಿಯಲ್ಲಿ ಓಡುತ್ತದೆ, ಗಡಿಯಾರ ಸಮಯ ಹಿಡಿಯುತ್ತದೆ. ಅಮೆರಿಕದ ಎಸ್‌ಸಿಸಿಎ ಸಂಸ್ಥೆ ಸೋಲೋ ಎಂಬ ಹೆಸರಿನಲ್ಲಿ ಇದನ್ನು ಡಾಂಬರು, ಕಾಂಕ್ರೀಟಿನ ಮೇಲೆ ನಡೆಸುತ್ತದೆ. ಅಲ್ಲಿ ಒಂದು ಕೋನು ಬಿದ್ದರೆ, ಇಲ್ಲವೇ ಅದರ ಸುತ್ತ ಗುರುತು ಮಾಡಿದ ಚೌಕದಿಂದ ಪೂರ್ತಿ ಹೊರಗೆ ಸರಿದರೆ, 2 ಸೆಕೆಂಡ್ ದಂಡ. ಗೇಟು, ಅಂದರೆ ಕಾರು ನಡುವೆ ಹಾಯಬೇಕಾದ ಜೋಡಿ ಕೋನು, ತಪ್ಪಿದರೆ ಆ ಓಟವೇ ಲೆಕ್ಕಕ್ಕಿಲ್ಲ. ನಮ್ಮ ದೇಶದಲ್ಲಿ ಮೋಟಾರು ಕ್ರೀಡೆಯನ್ನು ನೋಡಿಕೊಳ್ಳುವುದು ಎಫ್‌ಎಂಎಸ್‌ಸಿಐ. ಇಲ್ಲಿ ಆಟೋಕ್ರಾಸ್ ಎಂದರೆ ಬಹಳ ಸಲ ಮಣ್ಣಿನ ಅಂಗಳವೇ. ಹಾಗಾಗಿ ನಮ್ಮವರು ಕಾಂಕ್ರೀಟು, ಮಣ್ಣು ಎರಡನ್ನೂ ಕಲಿತಿರಬೇಕು.

ಹುಬ್ಬಳ್ಳಿ ಧಾರವಾಡದ ಸುತ್ತ ಜಾಗದ ವಿಚಾರ ಹೇಳುವ ಮೊದಲು ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನ ಪ್ರಕಾರ ಸರಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಸ್ಥಳದಲ್ಲಿ ರೇಸು, ವೇಗದ ಪರೀಕ್ಷೆ ನಡೆಸುವುದು ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಜನರಿಗೆ ಓಡಾಡುವ ಹಕ್ಕಿರುವ ಯಾವ ಜಾಗವೂ ಸಾರ್ವಜನಿಕ ಸ್ಥಳವೇ, ರಸ್ತೆಯೇ ಆಗಬೇಕಿಲ್ಲ. ಬೈಪಾಸಿನಲ್ಲಿ, ಹೊಸ ಲೇಔಟಿನ ಖಾಲಿ ರಸ್ತೆಯಲ್ಲಿ, ಊರ ಮೈದಾನದಲ್ಲಿ ಅಭ್ಯಾಸ ಮಾಡುವ ಮಾತೇ ಬೇಡ. ಗೇಟು, ಕಂಪೌಂಡು ಇರುವ ಖಾಸಗಿ ಅಂಗಳ, ಮಾಲೀಕರ ಲಿಖಿತ ಒಪ್ಪಿಗೆ, ಗೇಟಿನ ಬಳಿ ಒಬ್ಬ ಕಾವಲು ಇದ್ದರೆ ಮಾತ್ರ ಕೋನು ಇಳಿಸಿ. ಕಾರಿನ ವಿಮಾ ಪಾಲಿಸಿಯಲ್ಲಿ ಬಳಕೆಯ ಮಿತಿ ಎಂಬ ಭಾಗವನ್ನು ಓದಿ ನೋಡಿ: ರೇಸು, ವೇಗ ಪರೀಕ್ಷೆ ಅದರೊಳಗೆ ಬರುವುದಿಲ್ಲ. ಕಾರಿಗೆ ಪೆಟ್ಟಾದರೆ ಖರ್ಚು ಪೂರ್ತಿ ನಿಮ್ಮದೇ ಎಂದು ತಿಳಿದು ಇಳಿಯಬೇಕು.

ನಮ್ಮ ಕಡೆ ನೆಲವೇ ಅರ್ಧ ನಿರ್ಧಾರ ಮಾಡುತ್ತದೆ. ಹುಬ್ಬಳ್ಳಿಯಿಂದ ನವಲಗುಂದ, ಗದಗ, ರೋಣದ ಕಡೆ ಹೋದರೆ ಎರಿ ಭೂಮಿ. ಬೇಸಿಗೆಯಲ್ಲಿ ಅದು ಗಾಲಿಯ ಅಂಚು ಸಿಕ್ಕುವಷ್ಟು ಬಿರುಕು ಬಿಡುತ್ತದೆ, ಒಂದು ಹದ ಮಳೆ ಬಿದ್ದರೆ ಟೈರಿನ ಗೀರುಗಳಲ್ಲಿ ತುಂಬಿಕೊಂಡು ಚಕ್ರದ ಗೂಡಿನವರೆಗೆ ಅಂಟುತ್ತದೆ. ಎರಿ ನೆಲದಲ್ಲಿ ಕಲಿಯಲು ಹೋಗಬೇಡಿ, ಬೇಸಿಗೆಯಲ್ಲೂ ಬೇಡ, ಮಳೆಗಾಲದಲ್ಲೂ ಬೇಡ. ಧಾರವಾಡದಿಂದ ಪಶ್ಚಿಮಕ್ಕೆ, ಕಲಘಟಗಿಯ ಕಡೆ ಸಿಗುವ ಮಸಾರಿ ನೆಲ ವಾಸಿ. ಎಲ್ಲಕ್ಕಿಂತ ಒಳ್ಳೆಯದು ಗರಸು ಹಾಕಿ ರೋಲರ್ ಹೊಡೆದ ಅಂಗಳ. ಕೈಗಾರಿಕಾ ಪ್ರದೇಶಗಳ ಲಾರಿ ಯಾರ್ಡು, ಗೋದಾಮಿನ ಕಾಂಕ್ರೀಟು ಅಂಗಳ ಸಿಕ್ಕರೆ ಹೊಸಬರಿಗೆ ಅದಕ್ಕಿಂತ ದೊಡ್ಡ ಭಾಗ್ಯ ಇಲ್ಲ. ಸುಗ್ಗಿಯಲ್ಲಿ ಅವೆಲ್ಲ ಮಾಲಿನಿಂದ ತುಂಬಿರುತ್ತವೆ, ಮೊದಲೇ ವಿಚಾರಿಸಬೇಕು. ನವೆಂಬರಿನಿಂದ ಫೆಬ್ರುವರಿವರೆಗೆ ಹವೆ ಅನುಕೂಲ. ಗದಗದ ಬಯಲಲ್ಲಿ ಕಪ್ಪತಗುಡ್ಡದ ಸಾಲಿನ ಗಾಳಿಯಂತ್ರ ತಿರುಗಿಸುವ ಗಾಳಿಯೇ ಹಗುರ ಕೋನುಗಳನ್ನೂ ಉರುಳಿಸುತ್ತದೆ, ಬುಡಕ್ಕೆ ರಬ್ಬರಿನ ಭಾರ ಇರುವ ಕೋನು ಬೇಕು. ಗುಡ್ಡ ಈಗ ವನ್ಯಜೀವಿ ಧಾಮ, ಅದರ ಸೆರಗಿಗೆ ಅಭ್ಯಾಸದ ಕಾರು ಒಯ್ಯಬಾರದು.

ಅಂಗಳದ ಅಳತೆ ನೋಡುವಾಗ ಉದ್ದ ಎಷ್ಟಿದೆ ಎನ್ನುವುದಕ್ಕಿಂತ ಗಟ್ಟಿ ವಸ್ತುಗಳು ಎಷ್ಟು ದೂರ ಇವೆ ಎಂದು ನೋಡಬೇಕು. ಲೈಟಿನ ಕಂಬ, ಲಾರಿ ತೂಕದ ಕಟ್ಟೆ, ಕಂಪೌಂಡಿನ ಗೋಡೆ, ತೆರೆದ ಗಟಾರ. ಎಸ್‌ಸಿಸಿಎ ನಿಯಮದಲ್ಲಿ ಇಂಥವುಗಳಿಂದ ದಾರಿಗೆ ಕನಿಷ್ಠ 25 ಅಡಿ, ಅಂದರೆ ಏಳೂವರೆ ಮೀಟರ್ ಅಂತರ ಬೇಕು. ಹೊಸಬರಿಗೆ ಇದನ್ನು ಎರಡು ಪಟ್ಟು ಮಾಡಿ. ತಿರುವಿನ ಹೊರಮೈಗೆ, ಬ್ರೇಕ್ ಹಿಡಿಯುವ ಜಾಗದ ನೇರಕ್ಕೆ, ಗುರಿ ದಾಟಿದ ಮೇಲೆ ನಿಲ್ಲುವ ಜಾಗಕ್ಕೆ ಇನ್ನೂ ಹೆಚ್ಚು. ನೋಡುವವರು ತಿರುವಿನ ಹೊರಬದಿಗೆ ಎಂದಿಗೂ ನಿಲ್ಲಬಾರದು. ಈ ಒಂದು ವಿಷಯದಲ್ಲಿ ಗೆಳೆತನ, ದಾಕ್ಷಿಣ್ಯ ನೋಡಬಾರದು.

ಲೆಕ್ಕವೂ ಕೈಯಲ್ಲಿರಲಿ. 20 ಮೀಟರ್ ತ್ರಿಜ್ಯದ ತಿರುವನ್ನು, ಕಸ ಗುಡಿಸಿದ ಒಣ ಕಾಂಕ್ರೀಟಿನ ಮೇಲೆ, ಸಾಧಾರಣ ಟೈರಿನ ಕಾರು ಗಂಟೆಗೆ 45 ಕಿಲೋಮೀಟರ್ ಆಸುಪಾಸಿನಲ್ಲಿ ದಾಟೀತು. ಅದೇ ತಿರುವು ಗರಸಿನ ಮೇಲೆ ಬಂದರೆ 35ರ ಸುತ್ತ. 50ರ ವೇಗದಿಂದ ನಿಲ್ಲಲು ಕಾಂಕ್ರೀಟಿನಲ್ಲಿ 12 ಮೀಟರ್ ಸಾಕಾದರೆ ಗರಸಿನಲ್ಲಿ 20 ಮೀಟರ್ ಬೇಕು. ಅದೂ ಕಾಲು ಬ್ರೇಕಿನ ಮೇಲೆ ಬಿದ್ದ ನಂತರದ ದೂರ. ಕಾಂಕ್ರೀಟಿನ ಮೇಲೆ ಸಣ್ಣ ಕಡಿ ಹರಡಿದ್ದರೆ ಅದು ಗರಸಿಗಿಂತ ಕೆಟ್ಟದ್ದು, ಏಕೆಂದರೆ ಹಿಡಿತ ಒಂದು ಹೆಜ್ಜೆಗೆ ಇದೆ, ಇನ್ನೊಂದು ಹೆಜ್ಜೆಗೆ ಇಲ್ಲ. ಕಸಬರಿಗೆ ಒಯ್ಯಿರಿ. ತಿರುವಿನ ಜಾಗಗಳನ್ನು ಗುಡಿಸಲು ಹಿಡಿಯುವ ಅರ್ಧ ಗಂಟೆ ವ್ಯರ್ಥವಲ್ಲ.

ಇನ್ನು ನಡಿಗೆ. ಆಟೋಕ್ರಾಸಿನಲ್ಲಿ ನಿಜವಾದ ಕಲಿಕೆ ನಡೆಯುವುದು ಕಾಲ ಮೇಲೆ, ಕಾರು ಶುರುವಾಗುವ ಮೊದಲು. ಹೊಸಬರು ಗೆಳೆಯರ ಜೊತೆ ಹರಟುತ್ತ ಒಂದು ಸುತ್ತು ಹಾಕಿ ಮುಗಿಸುತ್ತಾರೆ. ಆಮೇಲೆ ಕಾರಿನೊಳಗಿಂದ ನೋಡಿದರೆ ಕಾಣುವುದು ಕಿತ್ತಳೆ ಬಣ್ಣದ ರಾಶಿ, ದಾರಿ ಎಲ್ಲಿದೆ ತಿಳಿಯುವುದಿಲ್ಲ. ಕನಿಷ್ಠ ಮೂರು ಸಲ ನಡೆಯಿರಿ. ಮೊದಲ ಸಲ ದಾರಿ ಯಾವುದು ಎಂದಷ್ಟೇ ತಿಳಿದರೆ ಸಾಕು. ಅಡ್ಡ ಮಲಗಿಸಿದ ಕೋನಿನ ಮೂತಿ ಯಾವ ಕಡೆ ಇದೆಯೋ ಆ ಕಡೆಗೆ ನಿಂತಿರುವ ಕೋನು ಇರುತ್ತದೆ, ನಿಂತ ಕೋನಿನ ಆಚೆ ಬದಿಯಿಂದ, ಅಂದರೆ ಮಲಗಿದ ಕೋನು ಇಲ್ಲದ ಬದಿಯಿಂದ ಕಾರು ಹೋಗಬೇಕು. ಎರಡನೇ ಸಲ ಕಾರು ಹೋಗುವ ಗೆರೆಯಲ್ಲೇ ನಡೆಯಿರಿ, ದಾರಿಯ ನಡುಮಧ್ಯದಲ್ಲಿ ಅಲ್ಲ. ಗೇಟಿನ ಅಗಲ ಸಾಮಾನ್ಯವಾಗಿ ನಾಲ್ಕೂವರೆ ಮೀಟರಾದರೂ ಇರುತ್ತದೆ, ಸ್ವಿಫ್ಟಿನಂಥ ಕಾರಿನ ಅಗಲ 1.7 ಮೀಟರ್ ಆಸುಪಾಸು. ಉಳಿದ ಸುಮಾರು 2.8 ಮೀಟರನ್ನು ಎಲ್ಲಿ ಖರ್ಚು ಮಾಡುತ್ತೀರಿ ಎನ್ನುವುದೇ ಗೆರೆ. ಮೂರನೇ ಸಲ ಒಬ್ಬರೇ ನಡೆಯಿರಿ, ಮುಖ್ಯ ಜಾಗಗಳಲ್ಲಿ ಕುಕ್ಕರುಗಾಲಲ್ಲಿ ಕೂತು ಕಾರಿನ ಸೀಟಿನ ಎತ್ತರದಿಂದ ನೋಡಿ. ನಿಂತಾಗ ಸ್ಪಷ್ಟವಾಗಿ ಕಂಡ ತಿರುವು ಕೂತಾಗ ಮುಂದಿನ ಕೋನಿನ ಹಿಂದೆ ಮುಚ್ಚಿಹೋಗಿರುತ್ತದೆ. ಅದು ಎಲ್ಲಿ ಮುಚ್ಚುತ್ತದೆ ಎಂದು ಮೊದಲೇ ತಿಳಿದವರು ಓಡಿಸುವಾಗ ಗಾಬರಿಯಾಗುವುದಿಲ್ಲ.

ನಡೆಯುವಾಗ ಇನ್ನೊಂದು ಕೆಲಸ: 50 ಕೋನುಗಳಿದ್ದರೆ ಅದರಲ್ಲಿ ಲೆಕ್ಕಕ್ಕೆ ಬರುವವು ಹತ್ತೋ ಹನ್ನೆರಡೋ. ಪ್ರತಿ ತಿರುವಿನಲ್ಲಿ ಕಾರು ಹತ್ತಿರ ಮುಟ್ಟಬೇಕಾದ ಒಂದೇ ಕೋನು ಇರುತ್ತದೆ. ಅದನ್ನು ಗುರುತಿಸಿ, ಉಳಿದದ್ದನ್ನು ಮರೆಯಿರಿ. ಆಮೇಲೆ ನೆರಳಲ್ಲಿ ಕೂತು ಕಣ್ಣು ಮುಚ್ಚಿ ಆ ಹನ್ನೆರಡು ಕೋನುಗಳನ್ನು ಗುರಿಯವರೆಗೆ ಮನಸ್ಸಿನಲ್ಲೇ ಓಡಿಸಿ, ಸ್ಟಾಪ್‌ವಾಚ್ ಹಚ್ಚಿಕೊಂಡು. ಮನಸ್ಸಿನ ಓಟ ನಿಜದ ಓಟದ ಸಮಯದ ಹತ್ತಿರ ಬಂದರೆ ಕೋರ್ಸು ನಿಮ್ಮದಾಯಿತು. ನಡುವೆ ಎಲ್ಲಿ ಚಿತ್ರ ಕಡಿಯಿತೋ ಅಲ್ಲಿಗೆ ಮತ್ತೆ ನಡೆದು ಹೋಗಿ ನೋಡಿ.

ಓಡಿಸುವಾಗ ಕಣ್ಣು ಎಲ್ಲಿರಬೇಕು? ನಮ್ಮ ಹೊಲಗಳಲ್ಲಿ ಕೂರಿಗೆ ಹಿಡಿದವರು ಎತ್ತಿನ ಕಾಲು ನೋಡುತ್ತ ಬಿತ್ತುವುದಿಲ್ಲ, ಎದುರಿನ ಬದುವಿನ ಮೇಲೆ ಒಂದು ಗುರುತು ಹಿಡಿದು ಸಾಲು ನೇರ ಮಾಡುತ್ತಾರೆ. ಇಲ್ಲಿಯೂ ಹಾಗೆಯೇ, ಬಾನೆಟ್ಟಿನ ಮುಂದಿನ ಕೋನು ಈಗಾಗಲೇ ಮುಗಿದ ಕೆಲಸ. ಅದರ ಮುಂದಿನದನ್ನು, ಸಾಧ್ಯವಾದರೆ ಅದರಾಚೆಯದನ್ನು ನೋಡಿ. ಬಿಗಿ ತಿರುವಿನಲ್ಲಿ ಇದಕ್ಕಾಗಿ ತಲೆ ಹೊರಳಿಸಿ ಪಕ್ಕದ ಕಿಟಕಿಯಿಂದ ನೋಡಬೇಕಾಗುತ್ತದೆ, ಏಕೆಂದರೆ ಮುಂಗಾಜಿನ ಅಂಚಿನ ಕಂಬ ಸರಿಯಾಗಿ ಬೇಕಾದ ಕೋನನ್ನೇ ಮುಚ್ಚುತ್ತದೆ. ಪಕ್ಕದಲ್ಲಿ ಕೂತವರು "ಮುಂದ ನೋಡು, ಮುಂದ ನೋಡು" ಎಂದು ಹೇಳುತ್ತಲೇ ಇದ್ದರೆ ಒಂದೇ ದಿನದಲ್ಲಿ ಆಗುವ ಬದಲಾವಣೆ ದೊಡ್ಡದು.

ಕೂರುವ ರೀತಿ ಬೇಗ ಹೇಳಿ ಮುಗಿಸಬಹುದು. ಬೆನ್ನು ಸೀಟಿಗೆ ಪೂರ್ತಿ ತಾಗಿರುವಾಗ ಮಣಿಕಟ್ಟು ಸ್ಟೀರಿಂಗಿನ ತುದಿಯ ಮೇಲೆ ಕೂರಬೇಕು. ಕ್ಲಚ್ ಪೂರ್ತಿ ತುಳಿದಾಗಲೂ ಮೊಣಕಾಲು ತುಸು ಬಾಗಿರಬೇಕು. ಕೈಗಳು ಗಡಿಯಾರದ 9 ಮತ್ತು 3ರ ಜಾಗದಲ್ಲಿ. ಸೀಟನ್ನು ಒಂದು ಹಲ್ಲು ಹಿಂದೆ ಸರಿಸಿ, ಬೆಲ್ಟನ್ನು ಜಗ್ಗಿ ಲಾಕ್ ಮಾಡಿ, ಹಾಗೇ ಹಿಡಿದು ಸೀಟನ್ನು ಮುಂದಕ್ಕೆ ತಂದರೆ ಬೆಲ್ಟು ಸೊಂಟವನ್ನು ಬಿಗಿಯಾಗಿ ಹಿಡಿಯುತ್ತದೆ. ಸಡಿಲ ಬೆಲ್ಟಿನಲ್ಲಿ ಕೂತವರು ಸ್ಟೀರಿಂಗನ್ನು ತಿರುಗಿಸುವ ಬದಲು ಅದಕ್ಕೆ ಜೋತುಬೀಳುತ್ತಾರೆ, ಆಗ ಟೈರು ಹೇಳುವ ಯಾವ ಮಾತೂ ಕೈಗೆ ಬರುವುದಿಲ್ಲ. ತಲೆ ತುಂಬ ಮುಚ್ಚುವ ಹೆಲ್ಮೆಟ್ ಅಭ್ಯಾಸದಲ್ಲೂ ಇರಲಿ.

ಸ್ಲಾಲಮ್, ಅಂದರೆ ಸಾಲಾಗಿಟ್ಟ ಕೋನುಗಳನ್ನು ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಬಿಟ್ಟು ಹಾಯುವುದು, ಹೊಸಬರನ್ನು ಅತಿ ಹೆಚ್ಚು ಸತಾಯಿಸುವ ಭಾಗ, ಮತ್ತು ಕಲಿತರೆ ಅತಿ ಹೆಚ್ಚು ಕೊಡುವ ಭಾಗ. ಐದು ಕೋನುಗಳನ್ನು 18 ಮೀಟರಿಗೊಂದರಂತೆ ನೇರ ಸಾಲಿನಲ್ಲಿಟ್ಟು ಶುರು ಮಾಡಿ. ಗಂಟೆಗೆ 40ರ ವೇಗದಲ್ಲಿ ಒಂದು ಕೋನಿನಿಂದ ಇನ್ನೊಂದಕ್ಕೆ 1.6 ಸೆಕೆಂಡ್. ಅಷ್ಟರಲ್ಲಿ ಕಾರಿನ ಭಾರ ಒಂದು ಬದಿಯಿಂದ ಇನ್ನೊಂದು ಬದಿಗೆ ಪೂರ್ತಿ ಹೊರಳಬೇಕು. ಅದಕ್ಕೇ ಕೋನು ಪಕ್ಕಕ್ಕೆ ಬಂದಾಗ ತಿರುಗಿಸಲು ಶುರು ಮಾಡಿದರೆ ಕೆಲಸ ಕೆಟ್ಟಿತು. ಮೊದಲ ಕೋನಿನಲ್ಲಿ ಅರ್ಧ ಮೀಟರ್ ತಡ, ಎರಡನೆಯದರಲ್ಲಿ ಒಂದು ಮೀಟರ್, ನಾಲ್ಕನೆಯದನ್ನು ದಾಟಲು ಬ್ರೇಕೇ ಬೇಕು, ಐದನೆಯದು ಬಂಪರಿನ ಕೆಳಗೆ. ತಪ್ಪು ಕಾಣುವುದು ಐದನೆಯದರಲ್ಲಿ, ಆದದ್ದು ಮೊದಲನೆಯದರಲ್ಲಿ. ಸರಿಯಾದ ರೀತಿ ಎಂದರೆ ಕಾರು ಕೋನಿನ ಪಕ್ಕ ಹಾಯುವಾಗಲೇ ಮೂತಿ ಮುಂದಿನ ಕೋನಿನ ಆಚೆ ಬದಿಗೆ ತಿರುಗಿರಬೇಕು, ಕಾರಿನ ಬಾಗು ಕೋನಿಗಿಂತ ಮುಂಚೆಯೇ ತನ್ನ ತುದಿ ಮುಟ್ಟಿರಬೇಕು. ಕೋನಿನ ಬೆನ್ನನ್ನು ಸವರಿಕೊಂಡು ಹೋದಂತೆ ಅನ್ನಿಸಬೇಕು. ಸಾಲಿಗೆ ನುಗ್ಗುವ ವೇಗವನ್ನು ನೀವು ಅಂದುಕೊಂಡದ್ದಕ್ಕಿಂತ ಐದು ಕಿಲೋಮೀಟರ್ ಕಡಿಮೆ ಮಾಡಿ, ಆಕ್ಸಿಲರೇಟರನ್ನು ಒಂದೇ ಸಮ ಹಿಡಿದು ನೋಡಿ. ಕೊನೆಯ ಕೋನಿನಲ್ಲಿ ವೇಗ ಹೆಚ್ಚಿಸುತ್ತ ಹೊರಬರಲು ಆದರೆ ಗೆರೆ ಸರಿಯಿದೆ.

ಬೀಳುವ ಕೋನುಗಳಲ್ಲಿ ಬಹಳಷ್ಟಕ್ಕೆ ತಾಗುವುದು ಹಿಂದಿನ ಚಕ್ರದ ಭಾಗ. 15 ಮೀಟರ್ ತ್ರಿಜ್ಯದ ತಿರುವಿನಲ್ಲಿ ಸಣ್ಣ ಹ್ಯಾಚ್‌ಬ್ಯಾಕಿನ ಹಿಂದಿನ ಚಕ್ರ ಮುಂದಿನದಕ್ಕಿಂತ ಸುಮಾರು 20 ಸೆಂಟಿಮೀಟರ್ ಒಳಗೆ ಬರುತ್ತದೆ. ಬಲಗಡೆ ಕೂತು ಓಡಿಸುವ ನಮಗೆ ಎಡಗಡೆಯ ಅಂದಾಜು ಇನ್ನೂ ಕಷ್ಟ. ಇದಕ್ಕೆ ವೇಗವೇ ಬೇಡದ ಅಭ್ಯಾಸವಿದೆ: ಎಡ ಮುಂದಿನ ಚಕ್ರದ ಪಕ್ಕಕ್ಕೆ ಒಂದು ಗೇಣು ಅಂತರ ಬರುವಂತೆ ಕೋನಿನ ಬಳಿ ನಿಧಾನವಾಗಿ ನಿಲ್ಲಿಸಿ, ಇಳಿದು ಅಳೆಯಿರಿ. ಅಂದಾಜು ಕೂರುವ ತನಕ ಮಾಡಿ. ನೀವಿನ್ನೂ ಒಂದೂವರೆ ಮೀಟರ್ ದೂರ ಇಟ್ಟುಕೊಂಡೇ ಓಡಿಸುತ್ತಿದ್ದೀರಿ ಎಂಬುದು ಆಗ ಗೊತ್ತಾಗುತ್ತದೆ.

ತಿರುವುಗಳಲ್ಲಿ ಮುಂದಿನ ಚಕ್ರ ಎಳೆಯುವ ಕಾರುಗಳೆಲ್ಲ ಒಂದೇ ಕಾಯಿಲೆ ತೋರಿಸುತ್ತವೆ: ಸ್ಟೀರಿಂಗ್ ತಿರುಗಿಸಿದರೂ ಮೂತಿ ನೇರಕ್ಕೇ ಹೋಗುತ್ತದೆ, ಅಂದರೆ ಅಂಡರ್‌ಸ್ಟಿಯರ್. ಹೊಸಬರು ಇನ್ನಷ್ಟು ತಿರುಗಿಸುತ್ತಾರೆ, ಮುಂದಿನ ಟೈರು ಇನ್ನಷ್ಟು ಜಾರುತ್ತದೆ. ಟೈರಿಗೆ ಇರುವ ಹಿಡಿತ ಒಂದೇ ಗಂಟು. ಅದರಲ್ಲೇ ತಿರುಗಬೇಕು, ನಿಲ್ಲಬೇಕು, ಎಳೆಯಬೇಕು. ಮೂರನ್ನೂ ಒಟ್ಟಿಗೆ ಕೇಳಿದರೆ ಒಂದನ್ನೂ ಕೊಡುವುದಿಲ್ಲ. ಬ್ರೇಕಿನ ಬಹುಪಾಲು ಕೆಲಸವನ್ನು ನೇರದಲ್ಲೇ ಮುಗಿಸಿ, ಬಿಡುತ್ತ ಬಿಡುತ್ತ ತಿರುಗಿಸಿ, ಮೂತಿ ಹೊರಗೆ ಜಾರಿದರೆ ಸ್ಟೀರಿಂಗನ್ನು ತುಸು ಬಿಚ್ಚಿ ಆಕ್ಸಿಲರೇಟರ್ ಸಡಿಲಿಸಿ ಕಾಯಿರಿ. ಕಾಯುವುದನ್ನು ಕಲಿಯಲು ಬಹಳ ದಿನ ಹಿಡಿಯುತ್ತದೆ. ಆದರೆ ವೇಗದ ತಿರುವಿನ ನಡುವೆ ಕಾಲನ್ನು ಒಮ್ಮೆಗೇ ಎತ್ತಿದರೆ ಭಾರವೆಲ್ಲ ಮುಂದಕ್ಕೆ ಬಂದು, ಹಿಂಭಾಗ ಹಗುರಾಗಿ, ಕಾರು ಗಿರಕಿ ಹೊಡೆಯಬಹುದು. ಇದನ್ನು 12ರಿಂದ 15 ಮೀಟರ್ ತ್ರಿಜ್ಯದ ವೃತ್ತದಲ್ಲಿ, ಗಂಟೆಗೆ 30ರ ವೇಗದಿಂದ ಶುರು ಮಾಡಿ, ಬೇಕೆಂದೇ ಮಾಡಿ ನೋಡಿದರೆ ಭಯ ಹೋಗುತ್ತದೆ. ಇಎಸ್‌ಪಿ, ಅಂದರೆ ಜಾರುವ ಕಾರನ್ನು ತಾನಾಗಿ ಹಿಡಿದು ನಿಲ್ಲಿಸುವ ವ್ಯವಸ್ಥೆ, ಇರುವ ಕಾರಾದರೆ ಕಲಿಯುವ ದಿನಗಳಲ್ಲಿ ಅದನ್ನು ಬಂದ್ ಮಾಡಬೇಡಿ. ಅದರ ದೀಪ ಮಿನುಗಿದ ಜಾಗವೇ ನೀವು ಹಿಡಿತಕ್ಕಿಂತ ಹೆಚ್ಚು ಕೇಳಿದ ಜಾಗ, ಪುಕ್ಕಟೆ ಪಾಠ.

ಯಾವ ತಿರುವಿನಲ್ಲಿ ತ್ಯಾಗ ಮಾಡಬೇಕು ಎಂಬುದೂ ನಡಿಗೆಯಲ್ಲೇ ತೀರ್ಮಾನವಾಗಬೇಕು. ಉದ್ದದ ನೇರಕ್ಕೆ ಬಾಯಿ ತೆರೆಯುವ ತಿರುವೇ ದೊರೆ. ಅದರ ಒಳಗಿನ ಕೋನನ್ನು ತಡವಾಗಿ ಮುಟ್ಟಿ, ಮೂತಿ ನೇರವಾದ ತಕ್ಷಣ ಆಕ್ಸಿಲರೇಟರ್ ತುಳಿಯುವಂತೆ ಹಿಂದಿನ ಎರಡು ತಿರುವುಗಳ ಗೆರೆಯನ್ನು ಬಾಗಿಸಿಕೊಳ್ಳಿ. ಗೇರಿನ ಗಡಬಡ ಬೇಡ. ಒಂದರಲ್ಲಿ ಹೊರಟು ಎರಡಕ್ಕೆ ಹಾಕಿ ಅಲ್ಲೇ ಇರಿ, ಪೆಟ್ರೋಲ್ ಹ್ಯಾಚ್‌ಬ್ಯಾಕುಗಳಲ್ಲಿ ಬಹುತೇಕ ಕೋರ್ಸು ಎರಡರಲ್ಲೇ ಮುಗಿಯುತ್ತದೆ. ಡೀಸೆಲ್ ಕಾರಿನವರಿಗೆ ಇಂಜಿನ್ ಬೇಗ ಉಸಿರು ಕಟ್ಟುವುದರಿಂದ ನೇರದಲ್ಲಿ ಮೂರು ಬೇಕಾಗಬಹುದು.

ಗರಸಿನ ಮೇಲೆ ಕೆಲವು ಪಾಠಗಳನ್ನು ಬದಲಿಸಿಕೊಳ್ಳಬೇಕು. ಬ್ರೇಕ್ ಒತ್ತಿದಾಗ ಚಕ್ರ ಕಟ್ಟಿಕೊಳ್ಳದಂತೆ ತಡೆಯುವ ಎಬಿಎಸ್, ಸಡಿಲ ನೆಲದಲ್ಲಿ ನಿಲ್ಲುವ ದೂರವನ್ನು ಹೆಚ್ಚಿಸುತ್ತದೆ: ಕಟ್ಟಿಕೊಂಡ ಚಕ್ರ ತನ್ನ ಮುಂದೆ ಕಡಿಯ ಗುಡ್ಡೆ ಮಾಡಿಕೊಂಡು ನಿಲ್ಲುತ್ತದೆ, ಎಬಿಎಸ್ ಅದಕ್ಕೆ ಅವಕಾಶ ಕೊಡುವುದಿಲ್ಲ. ಹಾಗಾಗಿ ಬ್ರೇಕು ಬಹಳ ಮುಂಚೆ. ಸ್ಟೀರಿಂಗ್, ಆಕ್ಸಿಲರೇಟರ್ ಎಲ್ಲಕ್ಕೂ ಕಾರು ತಡವಾಗಿ ಉತ್ತರ ಕೊಡುತ್ತದೆ, ನೀವು ಅಷ್ಟೇ ಮುಂಚೆ ಕೇಳಬೇಕು. ಓಟಗಳು ಹೆಚ್ಚಾದಂತೆ ಮೇಲಿನ ಸಡಿಲ ಕಡಿ ಹೊರಗೆ ಸರಿದು ಒಳಗೊಂದು ಗಟ್ಟಿ ಗೆರೆ ಮೂಡುತ್ತದೆ, ಆ ಗೆರೆಯಲ್ಲೇ ಕೊರಕಲೂ ಬೀಳುತ್ತದೆ. ಕೊರಕಲು ಆಳವಾಗಿದ್ದರೆ ಇಂಜಿನ್ನಿನ ಆಯಿಲ್ ಸಂಪು ತಾಗುವ ಭಯವಿದೆ, ಮುಚ್ಚಿ ಮುಂದುವರಿಯಿರಿ. ಹಿಂದಿನ ಕಾರಿನ ಧೂಳು ಇಳಿಯುವವರೆಗೆ ಮುಂದಿನ ಕಾರು ಹೊರಡಬಾರದು. ಬೆಳಿಗ್ಗೆ ಒಂದು ಟ್ಯಾಂಕರ್ ನೀರು ಹೊಡೆಸಿದರೆ ಎಲ್ಲರಿಗೂ ಅನುಕೂಲ. ಏರ್ ಫಿಲ್ಟರನ್ನು ಅಂದು ಸಂಜೆಯೇ ತೆಗೆದು ನೋಡಿ.

ಕಾರಿನ ತಯಾರಿ ಸಣ್ಣದು, ಆದರೆ ಬಿಡುವಂತಿಲ್ಲ. ಸ್ಟೆಪ್ನಿ, ಜಾಕು, ನೀರಿನ ಬಾಟಲಿ, ಚಾಲಕನ ಕಾಲಡಿಯ ಮ್ಯಾಟು, ಡ್ಯಾಶ್‌ಬೋರ್ಡಿನ ಮೇಲಿನ ದೇವರ ಮೂರ್ತಿ ಎಲ್ಲವೂ ಹೊರಗೆ. ಬಾಟಲಿ ಉರುಳಿ ಬ್ರೇಕ್ ಪೆಡಲಿನ ಹಿಂದೆ ಸಿಕ್ಕರೆ ಕಾರು ನಿಲ್ಲುವುದಿಲ್ಲ. ಬ್ಯಾಟರಿಯ ಪಟ್ಟಿ ಬಿಗಿಯಿರಲಿ. ಚಕ್ರದ ನಟ್ಟುಗಳನ್ನು ಕೈಪಿಡಿಯಲ್ಲಿರುವ ಅಳತೆಗೆ ಟಾರ್ಕ್ ರೆಂಚಿನಿಂದ ಬಿಗಿಯಿರಿ. ಇಂಧನ ಕಾಲು ಟ್ಯಾಂಕಿಗಿಂತ ಕೆಳಗಿದ್ದರೆ ಉದ್ದನೆಯ ತಿರುವಿನಲ್ಲಿ ಪೆಟ್ರೋಲು ಒಂದು ಬದಿಗೆ ಸರಿದು ಇಂಜಿನ್ ಕೆಮ್ಮಬಹುದು. ಬ್ರೇಕ್ ಆಯಿಲ್ ಎರಡು ವರ್ಷಕ್ಕಿಂತ ಹಳೆಯದಾದರೆ ಬದಲಿಸಿ. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ: ಹೊಸ ಡಾಟ್ 4 ಆಯಿಲಿನ ಕುದಿಬಿಂದು ಕನಿಷ್ಠ 230 ಡಿಗ್ರಿ ಇರಬೇಕು, ತೇವ ಹೀರಿದ ಮೇಲೆ ಅದು 155ಕ್ಕೆ ಇಳಿಯಬಹುದು. ಕುದಿದರೆ ಪೆಡಲು ಮೆತ್ತಗಾಗಿ ನೆಲ ಮುಟ್ಟುತ್ತದೆ.

ಟೈರಿನ ಗಾಳಿಯ ಬಗ್ಗೆ ಊರಿಗೊಂದು ಮಾತಿದೆ, ನೀವು ಚಾಕ್‌ಪೀಸಿನ ಮಾತು ಕೇಳಿ. ನಮ್ಮ ಸಣ್ಣ ಕಾರುಗಳ ಟೈರಿನ ಪಕ್ಕೆ ಎತ್ತರ: 165/80 ಅಳತೆಯದರಲ್ಲಿ 132 ಮಿಲಿಮೀಟರ್. ಕಾಂಕ್ರೀಟಿನ ತಿರುವಿನಲ್ಲಿ ಅದು ಮಡಚಿ ಪಕ್ಕೆಯೇ ನೆಲ ಉಜ್ಜುತ್ತದೆ. ಬಾಗಿಲ ಬಳಿಯ ಪಟ್ಟಿಯಲ್ಲಿ ಬರೆದ ಪಿಎಸ್‌ಐಗಿಂತ ಮುಂದಿನ ಚಕ್ರಗಳಿಗೆ ನಾಲ್ಕು ಹೆಚ್ಚು ಹಾಕಿ, ಟೈರಿನ ಭುಜದಿಂದ ಪಕ್ಕೆಯವರೆಗೆ ಮೂರು ಜಾಗದಲ್ಲಿ ಗೆರೆ ಎಳೆದು ಓಡಿಸಿ. ಭುಜದ ಬಳಿಯ ಸಣ್ಣ ತ್ರಿಕೋನದ ಗುರುತಿನವರೆಗೆ ಚಾಕ್ ಅಳಿಸಿದ್ದರೆ ಸರಿ. ಅದನ್ನೂ ದಾಟಿ ಅಳಿಸಿದ್ದರೆ ಎರಡು ಪಿಎಸ್‌ಐ ಏರಿಸಿ, ತ್ರಿಕೋನ ಮುಟ್ಟದಿದ್ದರೆ ಎರಡು ಇಳಿಸಿ. ಟೈರಿನ ಮೇಲೆ ಅಚ್ಚಾದ ಗರಿಷ್ಠ ಒತ್ತಡ ಮೀರಬೇಡಿ. ಬಿಸಿಯಾದಂತೆ ಮೂರರಿಂದ ಐದು ಪಿಎಸ್‌ಐ ತಾನಾಗಿ ಏರುವುದರಿಂದ ಪ್ರತಿ ಓಟದ ನಂತರ ಅಳೆದು ಬರೆದಿಡಿ. ಗರಸಿಗೆ ಈ ಏರಿಕೆ ಬೇಡ, ಕಂಪನಿ ಹೇಳಿದ ಗಾಳಿಯೇ ಸಾಕು.

ಸಮಯ ಹಿಡಿಯಲು ದುಬಾರಿ ಯಂತ್ರ ಬೇಕಿಲ್ಲ. ಹೊರಡುವ ಗೆರೆ, ಗುರಿಯ ಗೆರೆ ಎರಡೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ಫೋನನ್ನು ಕದಲದ ಹಾಗೆ ನಿಲ್ಲಿಸಿ ವಿಡಿಯೋ ತೆಗೆದು, ಆಮೇಲೆ ಚಿತ್ರಗಳನ್ನು ಎಣಿಸಿ. ಸೆಕೆಂಡಿಗೆ 30 ಚಿತ್ರ ತೆಗೆಯುವ ಫೋನಿನಲ್ಲಿ ಒಂದು ಚಿತ್ರ 0.03 ಸೆಕೆಂಡ್, ಬೆರಳಿನ ಸ್ಟಾಪ್‌ವಾಚಿಗಿಂತ ಎಷ್ಟೋ ನಿಖರ. ಒಂದು ಓಟಕ್ಕೆ ಒಂದೇ ವಿಷಯ ಬದಲಿಸಿ. ಗೆರೆಯನ್ನೂ ಗಾಳಿಯನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಸಮಯ ಉಳಿಸಿತು ತಿಳಿಯುವುದಿಲ್ಲ.

ಓಟ ಮುಗಿಸಿ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಕಾದ ಬ್ರೇಕು ಡ್ರಮ್ಮಿಗೆ ಹಿಡಿದುಕೊಳ್ಳಬಹುದು. ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಟರ್ಬೊ ಇರುವ ಕಾರನ್ನು ಒಂದು ನಿಮಿಷ ಹಾಗೇ ಓಡಲು ಬಿಟ್ಟು ಆಮೇಲೆ ಆರಿಸಿ. ಮನೆಗೆ ಹೊರಡುವ ಮೊದಲು ಸ್ಟೆಪ್ನಿ ತಿರುಗಿ ಒಳಗಿಟ್ಟು, ನಟ್ಟು ಮತ್ತೊಮ್ಮೆ ಬಿಗಿದು ನೋಡಿ. ಟೈರಿನ ಗಾಳಿಯನ್ನು ತಣ್ಣಗಾದ ಮೇಲೆ ಕಂಪನಿಯ ಅಳತೆಗೆ ತನ್ನಿ. ಮುಂದಿನ ಚಕ್ರಗಳ ಹಿಂದೆ ಬಗ್ಗಿ ಡ್ರೈವ್‌ಶಾಫ್ಟಿನ ರಬ್ಬರ್ ಬೂಟುಗಳನ್ನು ನೋಡಿ: ಸೀಳಿ ಗ್ರೀಸು ಸಿಡಿದಿದ್ದರೆ ಮುಂದಿನ ಅಭ್ಯಾಸದವರೆಗೆ ಕಾಯದೆ ಬದಲಿಸಬೇಕು. ಗರಸಿನ ಪುಡಿ ಒಳಗೆ ಸೇರಿದರೆ ಬೂಟಿನ ಜೊತೆ ಜಾಯಿಂಟೂ ಹೋಗುತ್ತದೆ, ಪೂರ್ತಿ ತಿರುಗಿಸಿದಾಗ ಕಟಕಟ ಶಬ್ದ ಬರಲು ಶುರುವಾದ ಮೇಲೆ ಬೂಟು ಹಾಕಿಸಿ ಉಪಯೋಗವಿಲ್ಲ.